ಕಿಟಕಿಗೆ ಕಾಣದ ಮೂಲೆ

ಸೆಪ್ಟೆಂಬರ್ 4, ಸೋಮವಾರ

ಲಾಯದ ಬೀಗದ ಕೈ ನನ್ನ ಕೈಗೆ ಬಂದಿದೆ! ಇದನ್ನು ಬರೆಯುವಾಗಲೂ ಜೇಬಿನಲ್ಲೇ ಇದೆ, ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ.

ಕಾಲೇಜಿನಲ್ಲಿ ನಮಗೆ ಕುದುರೆ ಸವಾರಿ ಕಲಿಸುವ ಮೇಷ್ಟ್ರು ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದಾರೆ. ಜೀವಮಾನವಿಡೀ ಕುದುರೆಯ ಮೇಲೆ ಕಳೆದವರು, ಬಿದ್ದದ್ದು ಮಾತ್ರ ಮನೆಯ ಮೆಟ್ಟಿಲಿಂದ, ಅದೂ ಹವಾಯಿ ಚಪ್ಪಲಿ ಜಾರಿ. ಪಾಪ ಅನ್ನಿಸಬೇಕು, ಅನ್ನಿಸಿತು ಕೂಡ, ಆದರೆ ಮೊದಲು ನಗು ಬಂತು. ಅವರು ವಾಪಸು ಬರುವ ತನಕ ಲಾಯವನ್ನೂ ಸವಾರಿ ತರಗತಿಯನ್ನೂ ವಿದ್ಯಾರ್ಥಿಗಳೇ ನಡೆಸಿಕೊಂಡು ಹೋಗಲಿ ಅಂತ ಪ್ರಾಂಶುಪಾಲರು ಒಪ್ಪಿದ್ದಾರೆ. ಕೊನೆಯ ವರ್ಷದವಳು ನಾನು, ಎಲ್ಲರಿಗಿಂತ ಚೆನ್ನಾಗಿ ಸವಾರಿ ಮಾಡುವವಳೂ ನಾನು. ದಿನಚರಿಯಲ್ಲಿ ಎಂಥ ನಾಚಿಕೆ? ಆದ್ದರಿಂದ ಮುಖ್ಯಸ್ಥೆಯೂ ನಾನೇ. ನನ್ನ ತರಗತಿಯವನೊಬ್ಬ, ದಪ್ಪ ಕನ್ನಡಕದ ದೆಸೆಯಿಂದ ಎಲ್ಲರಿಗೂ ಸೋಡಾಬುಡ್ಡಿ, ಆ ಕನ್ನಡಕ ಏರಿಸಿಕೊಂಡು, ಹುಲ್ಲು ಎತ್ತುವ ಕವೆಗೋಲು ಹಿಡಿದು ಸೆಲ್ಯೂಟ್ ಹೊಡೆದ. ಈಗ ಎಲ್ಲರೂ ನನ್ನನ್ನು ದಂಡನಾಯಕಿ ಅನ್ನುತ್ತಿದ್ದಾರೆ. ತಮಾಷೆಗೇ ಅನ್ನುತ್ತಾರೆ, ಆದರೂ ಕೇಳಲು ಚೆನ್ನಾಗಿದೆ.

ಬೀಗದ ಕೈ ಬಂದ ಕೂಡಲೇ ಮಾಡಿದ ಮೊದಲ ಕೆಲಸ, ಜೀನು ಲಗಾಮು ಇಡುವ ಜೀನುಕೋಣೆಯ ಗೋಡೆಯ ಮೇಲೆ ಮಾಸಿಹೋಗಿದ್ದ ಮೇಷ್ಟ್ರ ನಿಯಮವನ್ನು ಸೀಮೆಸುಣ್ಣದಲ್ಲಿ ದಪ್ಪಗೆ ತಿದ್ದಿದ್ದು: ಕುದುರೆಗೆ ಕೈಯಿಂದ ತಿನ್ನಿಸಬಾರದು, ಏನಿದ್ದರೂ ಬಕೆಟ್ಟಿಗೆ. ಕೈಯಿಂದ ತಿಂದು ರುಚಿ ಕಂಡ ಕುದುರೆ ಸವಾರನನ್ನು ಬಿಟ್ಟು ಸವಾರನ ಜೇಬನ್ನು ನೋಡಲು ಶುರು ಮಾಡುತ್ತದೆ ಅನ್ನುತ್ತಾರೆ ಮೇಷ್ಟ್ರು. ನಿಯಮ ಅಂದರೆ ನಿಯಮ ಅಂತ ಎಲ್ಲರಿಗೂ ಒಂದು ಸಣ್ಣ ಭಾಷಣವನ್ನೂ ಮಾಡಿದೆ.

ಸಂಜೆ ತಕರಾರು ಅನ್ನುವ ನಮ್ಮ ಕುದುರೆಯ ಮೇಲೆ ಒಂದಿಷ್ಟು ಸುತ್ತು ಹಾಕಿದೆ. ಅವನ ಹೆಸರು ಸುಮ್ಮನೆ ಬಂದದ್ದಲ್ಲ. ಜೀನು ಬಿಗಿದರೆ ಹೊಟ್ಟೆ ಉಬ್ಬಿಸುತ್ತಾನೆ, ನೀರಿಟ್ಟರೆ ಬಕೆಟ್ಟನ್ನೇ ಉರುಳಿಸುತ್ತಾನೆ, ಲಾಳ ಹೊಡೆಯುವವರ ಟೋಪಿ ಕಿತ್ತುಕೊಂಡು ಅಗಿದು ಹಾಕಿದ್ದಾನೆ. ನನ್ನ ಹತ್ತಿರ ಮಾತ್ರ ಬೆಣ್ಣೆಯಂಥವನು. ಹುಲ್ಲಿನ ಶೆಡ್ಡಿನ ಹಿಂದೆ, ನೀಲಿ ಪೀಪಾಯಿಯ ಪಕ್ಕ ನಿಲ್ಲಿಸಿ ಒಂದು ತುಂಡು ಕ್ಯಾರೆಟ್ ಕೊಟ್ಟೆ. ಜೀನುಕೋಣೆಯ ಕಿಟಕಿಯಿಂದ ಆ ಮೂಲೆ ಕಾಣುವುದಿಲ್ಲ. ಇದು ನಿಯಮಕ್ಕೆ ಬರುವುದಿಲ್ಲ, ನಮ್ಮಿಬ್ಬರ ವಿಷಯವೇ ಬೇರೆ.

ಸೆಪ್ಟೆಂಬರ್ 6, ಬುಧವಾರ

ಮೊದಲ ತರಗತಿ ಆಯಿತು. ಗಂಟಲು ಬಿದ್ದುಹೋಗಿದೆ, ಅಂಗೈಯಲ್ಲಿ ಬೊಬ್ಬೆ, ಬೂಟಿನೊಳಗೆ ಲದ್ದಿ. ಇಷ್ಟು ಖುಷಿಯಾಗಿ ನಾನು ಯಾವತ್ತೂ ಇರಲಿಲ್ಲ.

ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಹೋದರೆ ಕುದುರೆಗಳು ಬೀಗದ ಸದ್ದಿಗೇ ಕೆನೆಯುತ್ತವೆ. ಮುದಿ ದೊಡ್ಡಮ್ಮ ನಿಧಾನಕ್ಕೆ ಎದ್ದು ಮೈ ಕೊಡವಿಕೊಳ್ಳುತ್ತಾಳೆ. ಕಪ್ಪು ಕುದುರೆ ಮಸಿ ಬಾಗಿಲು ಒದೆಯುತ್ತಾನೆ. ತಕರಾರು ಮಾತ್ರ ನಮಗೆ ಬೆನ್ನು ತೋರಿಸಿ ನಿಂತಿರುತ್ತಾನೆ, ಇಷ್ಟು ತಡವಾಗಿ ಬಂದವರ ಮುಖ ಯಾರು ನೋಡುತ್ತಾರೆ ಅನ್ನುವ ಹಾಗೆ. ಲದ್ದಿ ಬಾಚುವ ಸರದಿ ಗಾಯಕನದು. ಅವನು ಎರಡನೇ ವರ್ಷದವನು, ಹಾಡದೆ ಯಾವ ಕೆಲಸವನ್ನೂ ಮಾಡಲಾರ. ಕುದುರೆಗಳು ಹೇಗೋ ಸಹಿಸಿಕೊಂಡಿವೆ.

ಹೊಸದಾಗಿ ಕಲಿಯಲು ಬಂದವರಲ್ಲಿ ಒಬ್ಬಳಿದ್ದಾಳೆ, ಮೊದಲ ವರ್ಷದವಳು. ಮಾತಾಡಿದರೆ ಅವಳ ದುಪಟ್ಟಾಕ್ಕೂ ಕೇಳಿಸುವುದಿಲ್ಲ. ಪಿಸು ಅಂತ ಹೆಸರಿಟ್ಟೆ. ಕುದುರೆಗೆ ಗಟ್ಟಿಯಾಗಿ ಹೇಳು, ಅದಕ್ಕೆ ಗೊತ್ತಾಗಬೇಕು ಯಾರು ಯಜಮಾನರು ಅಂತ ಅಂದೆ. ಅವಳು ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಕುದುರೆ ಮೇಲೆ ಹಿಟ್ಟಿನ ಚೀಲದ ಹಾಗೆ ಕೂರುತ್ತಾಳೆ. ಇಂಥವರಿಗೆ ಕಲಿಸುವಷ್ಟರಲ್ಲಿ ನನ್ನ ತಲೆ ನೆರೆಯುತ್ತದೆ.

ಸೆಪ್ಟೆಂಬರ್ 9, ಶನಿವಾರ

ಸಿಹಿ ಸುದ್ದಿ! ಇಪ್ಪತ್ತಮೂರಕ್ಕೆ ಸವಾರಿ ಪ್ರದರ್ಶನ, ಎಲ್ಲರ ಮನೆಯವರಿಗೂ ಆಹ್ವಾನ. ನಾನು ತಕರಾರಿನ ಮೇಲೆ ಎಲ್ಲರ ಮುಂದೆ ಹೋಗುತ್ತೇನೆ. ಮೂರು ವರ್ಷದಿಂದ ಈ ದಿನಕ್ಕೇ ಕಾದಿದ್ದೆ.

ಮನೆಗೆ ಫೋನ್ ಮಾಡಿದೆ. ಅಮ್ಮ ಹೊಲಿಗೆ ಮಷೀನು ನಿಲ್ಲಿಸಿದ ಸದ್ದು ಕೇಳಿಸಿತು, ಅಂದರೆ ವಿಷಯ ದೊಡ್ಡದು ಅಂತ ಅರ್ಥ. ಅಂಗಡಿಯ ಕೋಟು ಬೇಡ, ತಾನೇ ಹೊಲಿದು ತರುತ್ತೇನೆ ಅಂದಳು, ಫೋನಿನಲ್ಲೇ ಭುಜದ ಅಳತೆ ಕೇಳಿದಳು. ಬಸ್ ಓಡಿಸುವ ಅಪ್ಪ ಆ ದಿನ ರಜೆ ಹಾಕುತ್ತಾರಂತೆ. ನನಗೆ ಗೊತ್ತಿರುವ ಹಾಗೆ ಅವರು ಅಕ್ಕನ ಮದುವೆಗೆ ಬಿಟ್ಟರೆ ರಜೆ ಹಾಕಿದವರಲ್ಲ.

ತಕರಾರು ನೀಲಿ ಪೀಪಾಯಿಯ ಹತ್ತಿರ ಈಗೀಗ ತಾನೇ ನಿಲ್ಲುತ್ತಾನೆ, ನಾನು ಲಗಾಮು ಎಳೆಯುವುದೇ ಬೇಡ. ಎಷ್ಟು ಬುದ್ಧಿ ನೋಡಿ.

ಸೆಪ್ಟೆಂಬರ್ 13, ಬುಧವಾರ

ಪಿಸು ಬಿದ್ದಳು.

ಕುಕ್ಕುಲೋಟ ಕಲಿಸುತ್ತಿದ್ದೆ, ನಡಿಗೆಗಿಂತ ಜೋರು, ನಾಗಾಲೋಟಕ್ಕಿಂತ ನಿಧಾನ. ಮಸಿಗೆ ಲಾಳ ಸಡಿಲವಾಗಿತ್ತು, ಹಾಗಾಗಿ ಪಿಸುವನ್ನು ತಕರಾರಿನ ಮೇಲೆ ಕೂರಿಸಿದ್ದೆ. ಚೆನ್ನಾಗಿಯೇ ಹೋಗುತ್ತಿದ್ದವನು ಶೆಡ್ಡಿನ ಹಿಂದೆ, ಪೀಪಾಯಿಯ ಎದುರು, ಗೂಟ ಹೊಡೆದ ಹಾಗೆ ನಿಂತುಬಿಟ್ಟ. ಕುದುರೆ ನಿಂತಿತು, ಪಿಸು ನಿಲ್ಲಲಿಲ್ಲ. ಅವನ ಕುತ್ತಿಗೆಯ ಮೇಲಿಂದ ಹಾರಿ ಮರಳಿನಲ್ಲಿ ಬಿದ್ದಳು. ಮೊಣಕೈ ತರಚಿತು, ಅಷ್ಟೇ, ಪುಣ್ಯ. ಎದ್ದು ಕೂತು ಮೊದಲು ಕೇಳಿದ್ದು ಕುದುರೆಗೆ ಏನಾದರೂ ಆಯಿತಾ ಅಂತ. ಅದೂ ನನಗೆ ಎರಡನೇ ಸಲಕ್ಕೆ ಕೇಳಿಸಿತು.

ಪ್ರಾಂಶುಪಾಲರು ಕರೆಸಿದರು. ಬಯ್ಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಇದ್ದಕ್ಕಿದ್ದಂತೆ ನಿಲ್ಲುವ ಕುದುರೆಯ ಮೇಲೆ ಕಲಿಯುವವರನ್ನು ಕೂರಿಸಲಾಗದು, ಕಲಿಯುವವರು ಕೂರಲಾಗದ ಕುದುರೆಯನ್ನು ಕಾಲೇಜು ಇಟ್ಟುಕೊಳ್ಳಲಾಗದು ಅಂದರು. ಪ್ರದರ್ಶನದ ದಿನ ಹೊರಗಿನಿಂದ ಒಬ್ಬ ಪರೀಕ್ಷಕರು ಬರುತ್ತಾರೆ. ಯಾವ ವಿದ್ಯಾರ್ಥಿಯಾದರೂ ಸರಿ, ತಕರಾರಿನ ಮೇಲೆ ಕೂತು ಮೂರು ಸುತ್ತು ನಿಲ್ಲದೆ ಹೋಗಬೇಕು. ನಿಂತರೆ ಅವನನ್ನು ಮಾರುತ್ತಾರೆ. ಒಪ್ಪಿಗೆಯೇ ಅಂತ ಕೇಳಿದರು. ಒಪ್ಪದೆ ಏನು ಮಾಡಲಿ?

ಸೆಪ್ಟೆಂಬರ್ 14, ಗುರುವಾರ

ಪಶುವೈದ್ಯರು ಬಂದು ನಾಲ್ಕೂ ಗೊರಸು, ಮಂಡಿ, ಬೆನ್ನು, ಕಣ್ಣು ಎಲ್ಲ ನೋಡಿದರು. ಕುದುರೆ ಕಲ್ಲುಗುಂಡಿನ ಹಾಗಿದೆ, ಕಾಯಿಲೆ ಏನಿದ್ದರೂ ತಲೆಯಲ್ಲಿ ಅಂದರು. ಯಾರ ತಲೆಯಲ್ಲಿ ಅಂತ ಹೇಳಲಿಲ್ಲ.

ಸೆಪ್ಟೆಂಬರ್ 16, ಶನಿವಾರ

ಅವನನ್ನು ದಾರಿಗೆ ತರುವುದು ನನ್ನಿಂದಲೇ ಆಗಬೇಕು. ಇಪ್ಪತ್ತಮೂರಕ್ಕೆ ನಾನೇ ಹತ್ತುತ್ತೇನೆ, ಅದರಲ್ಲಿ ಎರಡು ಮಾತಿಲ್ಲ.

ಇವತ್ತು ಬೆತ್ತ ಹಿಡಿದು ಹತ್ತಿದೆ. ಪೀಪಾಯಿಯ ಹತ್ತಿರ ಬಂದ ಕೂಡಲೇ ಹಿಮ್ಮಡಿ ಒತ್ತಿ, ಬೆತ್ತ ತಾಗಿಸಿ, ಗದರಿ ದಾಟಿಸಿದೆ. ಗೆದ್ದೆ ಅಂದುಕೊಂಡೆ. ಮುಂದಿನ ಸುತ್ತಿಗೆ ಮತ್ತೆ ನಿಂತ. ಜೋರಾಗಿಯೇ ಒಂದು ಕೊಟ್ಟೆ. ಅವನ ಚರ್ಮ ಒಂದು ಸಲ ನಡುಗಿತು. ತಲೆ ತಿರುಗಿಸಿ ನನ್ನ ಬೂಟಿನ ಹತ್ತಿರ ಮೂಗು ತಂದು ಹಾಗೇ ಹಿಡಿದುಕೊಂಡಿದ್ದ. ನನಗೆ ಬೆತ್ತ ಹಿಡಿದ ಕೈಯೇ ಬೇಡವಾಯಿತು. ಇಳಿದುಬಿಟ್ಟೆ.

ಬೇಲಿಯ ಹೊರಗೆ ಪಿಸು ನಿಂತಿದ್ದಳು, ಮೊಣಕೈಗೆ ಪಟ್ಟಿ. ನೋಡಿಕೊಂಡೇ ಇದ್ದಳು ಅಂತ ಕಾಣುತ್ತದೆ.

"ಅಕ್ಕ, ಅವನು ಹೆದರಿ ನಿಲ್ತಿಲ್ಲ," ಅಂದಳು. "ಏನಕ್ಕೋ ಕಾಯ್ತಾ ನಿಲ್ತಾನೆ."

ಒಂದು ಸಲ ಬಿದ್ದವಳಿಗೆ ಕುದುರೆಯ ಮನಸ್ಸು ಗೊತ್ತಾಗಿಬಿಡುತ್ತದಾ ಅಂತ ರೇಗಿದೆ. ಸುಮ್ಮನೆ ಹೋಗಿ ಬಕೆಟ್ ತೊಳೆಯಲು ಕೂತಳು.

ಪೀಪಾಯಿಯ ಬಣ್ಣಕ್ಕೆ ಹೆದರುತ್ತಾನೆ ಅಂತ ಸೋಡಾಬುಡ್ಡಿಯ ವಾದ. ನಾಳೆ ಅದನ್ನೇ ಅಲ್ಲಿಂದ ಎತ್ತಿಬಿಡುತ್ತೇವೆ.

ಸೆಪ್ಟೆಂಬರ್ 17, ಭಾನುವಾರ

ಇವತ್ತಿನಷ್ಟು ನಕ್ಕಿದ್ದೂ ಇಲ್ಲ, ಇವತ್ತಿನಷ್ಟು ಪೆಚ್ಚಾದದ್ದೂ ಇಲ್ಲ.

ಬೆಳಿಗ್ಗೆ ಸೋಡಾಬುಡ್ಡಿ, ಗಾಯಕ, ನಾನು ಮೂವರೂ ಉಸಿರುಕಟ್ಟಿ ಆ ಪೀಪಾಯಿಯನ್ನು ಉರುಳಿಸಿಕೊಂಡು ಹೋಗಿ ಗೇಟಿನ ಹತ್ತಿರ ಇಟ್ಟೆವು. ತಕರಾರನ್ನು ಹತ್ತಿದೆ. ಗೇಟಿನ ಹತ್ತಿರ ಪೀಪಾಯಿಯ ಪಕ್ಕದಲ್ಲೇ ಹಾದುಹೋದ, ಕಿವಿ ಕೂಡ ಅಲ್ಲಾಡಿಸಲಿಲ್ಲ. ಶೆಡ್ಡಿನ ಹಿಂದೆ, ಈಗ ಏನೇನೂ ಇಲ್ಲದ ಬರೀ ಮರಳಿನ ಮೇಲೆ, ನಿಂತ. ಅದೇ ಜಾಗ.

ಏನಿದೆ ಇಲ್ಲಿ ಅಂತ ಸುತ್ತ ನೋಡಿದೆ. ಒಂದು ಕಡೆ ಶೆಡ್ಡಿನ ತಗಡು, ಒಂದು ಕಡೆ ಬೇಲಿಯಾಚೆ ಕಾಂಪೌಂಡ್ ಗೋಡೆ. ಜೀನುಕೋಣೆಯ ಕಿಟಕಿ ಕಾಣುತ್ತದಾ ಅಂತ ಕತ್ತು ಉದ್ದ ಮಾಡಿದೆ. ಕಾಣಲಿಲ್ಲ. ಕಾಣುವುದಿಲ್ಲ ಅನ್ನುವುದು ನನಗೆ ಗೊತ್ತಿದ್ದದ್ದೇ, ಅದಕ್ಕೇ ತಾನೇ ನಾನು ಇಲ್ಲಿ... ಕೈ ತಾನೇ ಜೇಬಿನಲ್ಲಿದ್ದ ಕ್ಯಾರೆಟ್ಟಿಗೆ ಹೋಯಿತು. ತಕರಾರು ಕುತ್ತಿಗೆ ತಿರುಗಿಸಿ, ನನ್ನ ಬಲಗಡೆ ಜೇಬಿನ ಹತ್ತಿರ ಮೂಗು ತಂದು ತಾಳ್ಮೆಯಿಂದ ಕಾಯುತ್ತಿದ್ದ. ನಿನ್ನೆ ಹೊಡೆದಾಗಲೂ ಇದನ್ನೇ ಮಾಡಿದ್ದ. ಪಾಪದ ಪ್ರಾಣಿ, ಕೊಟ್ಟವಳೇ ಹೊಡೆಯುತ್ತಾಳೆ ಅಂದರೆ ಏನು ತಿಳಿದುಕೊಂಡಿರಬೇಕು?

ಆದರೆ ನಾನೊಬ್ಬಳೇ ಕೊಟ್ಟರೆ ಪಿಸು ಕೂತಾಗಲೂ ಯಾಕೆ ನಿಲ್ಲಬೇಕು? ಎಲ್ಲರನ್ನೂ ಜೀನುಕೋಣೆಗೆ ಕರೆದೆ. ಅವನಿಗೆ ಯಾರಾದರೂ ಕೈಯಿಂದ ತಿನ್ನಿಸಿದ್ದೀರಾ ಅಂತ ಕೇಳಿದೆ. ಎಲ್ಲರ ಕಣ್ಣೂ ಗೋಡೆಗೆ ಹೋಯಿತು. ಗೋಡೆಯ ಮೇಲೆ ನನ್ನದೇ ದಪ್ಪ ಅಕ್ಷರ. ಬೇರೆ ದಾರಿ ಕಾಣದೆ ನನ್ನ ಜೇಬಿನಿಂದ ಕ್ಯಾರೆಟ್ ತೆಗೆದು ಮೇಜಿನ ಮೇಲಿಟ್ಟೆ. ಸೋಡಾಬುಡ್ಡಿ ಅದನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಕರವಸ್ತ್ರ ಬಿಚ್ಚಿ ಸೇಬಿನ ಹೋಳು ಇಟ್ಟ. ಗಾಯಕ ಎರಡು ಬಿಸ್ಕತ್ತು ಇಟ್ಟ. ಸಕ್ಕರೆ ಬಂತು, ಬ್ರೆಡ್ಡಿನ ಅಂಚು ಬಂತು. ಮೇಜಿನ ಮೇಲೆ ಒಂದು ಸಣ್ಣ ಟೀ ಪಾರ್ಟಿಯೇ ಆಯಿತು. ಎಲ್ಲರೂ ಅದೇ ಮೂಲೆಯಲ್ಲಿ ಕೊಟ್ಟವರೇ, ಕಿಟಕಿಗೆ ಕಾಣದ್ದು ಅದೊಂದೇ ಜಾಗವಲ್ಲವೇ. ಒಬ್ಬೊಬ್ಬರ ಸರದಿಯಲ್ಲೂ ಅವನಿಗೆ ಅಲ್ಲಿ ಲಂಚ ಸಂದಾಯವಾಗುತ್ತಿತ್ತು. ಎಲ್ಲರಿಗೂ ಒಂದೇ ನಂಬಿಕೆ, ಅವನಿಗೆ ಪ್ರಾಣ ಅಂದರೆ ತಾನು ಮಾತ್ರ ಅಂತ.

"ಅವನು ನನಗೆ ಮಾತ್ರ ಒಲಿದಿದ್ದಾನೆ ಅಂದ್ಕೊಂಡಿದ್ದೆ ಕಣೆ," ಅಂದ ಸೋಡಾಬುಡ್ಡಿ. ನಿಜಕ್ಕೂ ಬೇಜಾರಾಗಿತ್ತು ಅವನಿಗೆ. ನಾನೂ ಅದನ್ನೇ ಹೇಳಬೇಕೆಂದಿದ್ದೆ.

ಮೇಷ್ಟ್ರಿಗೆ ಫೋನ್ ಹಚ್ಚಿ, ಬೈಸಿಕೊಳ್ಳಲು ಸಿದ್ಧಳಾಗಿ ಎಲ್ಲ ಹೇಳಿದೆ.

"ಪೆಪ್ಪರಮಿಂಟ್ ನಾನೇ ಶುರು ಮಾಡಿದ್ದು ಕಣಮ್ಮ," ಅಂದರು ಮೇಷ್ಟ್ರು. "ಅದೇ ಮೂಲೇಲಿ."

ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಪಿಸು ಕೂಡ ನಕ್ಕಳು. ಅವಳ ನಗು ದೊಡ್ಡದು, ಮಾತಿನ ಹಾಗಲ್ಲ. ಅವಳೊಬ್ಬಳೇ ಮೇಜಿನ ಮೇಲೆ ಏನನ್ನೂ ಇಟ್ಟಿರಲಿಲ್ಲ. ನೀನು ಯಾಕೆ ಕೊಡಲಿಲ್ಲ ಅಂದರೆ ಅವನ ಹಲ್ಲು ನೋಡಿ ಭಯವಂತೆ.

ಸೆಪ್ಟೆಂಬರ್ 19, ಮಂಗಳವಾರ

ಕೈಯಿಂದ ಒಂದು ಚೂರೂ ಇಲ್ಲ, ಏನಿದ್ದರೂ ಬಕೆಟ್ಟಿಗೆ. ಲಾಯಕ್ಕೆ ಬರುವ ಮುಂಚೆ ಎಲ್ಲರೂ ಜೇಬು ಒಳಹೊರಗು ಮಾಡಿ ತೋರಿಸಬೇಕು. ಆದರೂ ನಾನು ಹತ್ತಿದರೆ ನಿಲ್ಲುತ್ತಾನೆ, ಸೋಡಾಬುಡ್ಡಿ ಹತ್ತಿದರೂ ನಿಲ್ಲುತ್ತಾನೆ, ಗಾಯಕ ಹತ್ತಿದರೆ ನಿಂತು ಅವನ ಅಂಗಿಯ ತುದಿಯನ್ನೂ ಎಳೆಯುತ್ತಾನೆ. ಹಳೆ ಗಿರಾಕಿಗಳನ್ನು ಅವನು ಮರೆಯುತ್ತಿಲ್ಲ.

ಪಿಸುವನ್ನು ಹತ್ತಿಸಿ ನೋಡೋಣ ಅಂದ ಸೋಡಾಬುಡ್ಡಿ. ಬಿದ್ದವಳನ್ನು ಮತ್ತೆ ಹತ್ತಿಸುವುದಾ ಅಂದೆ. ಅವಳನ್ನೇ ಕೇಳಿದೆವು, ಆಗಲಿ ಅಂತ ತಲೆ ಆಡಿಸಿದಳು. ಮುಖ ಸುಣ್ಣದ ಹಾಗಾಗಿತ್ತು, ಆದರೂ ಹತ್ತಿದಳು. ನಾನು ಪಕ್ಕದಲ್ಲೇ ನಡೆದೆ. ಆ ಮೂಲೆಯಲ್ಲಿ ತಕರಾರು ನಿಧಾನ ಮಾಡಿದ, ಅವಳ ಜೇಬಿನ ಕಡೆ ಮೂಗು ಚಾಚಿದ. ಅವಳು ಬಗ್ಗಿ ಏನೋ ಅಂದಳು. ಅವನು ಎರಡೂ ಕಿವಿ ಹಿಂದಕ್ಕೆ ತಿರುಗಿಸಿ ಕೇಳಿಸಿಕೊಂಡು, ನಡೆದುಬಿಟ್ಟ.

ಪ್ರದರ್ಶನದಲ್ಲಿ ಅವಳೇ ಕೂರಲಿ ಅಂತ ಎಲ್ಲರೂ ಅಂದರು. ಇನ್ನೂ ಯೋಚಿಸಬೇಕು ಅಂದೆ. ಹಿಟ್ಟಿನ ಚೀಲದ ಹಾಗೆ ಕೂರುವವಳು, ಪರೀಕ್ಷಕರ ಮುಂದೆ! ಅಪ್ಪ ರಜೆ ಹಾಕಿಯಾಗಿದೆ. ಅಮ್ಮ ಕೋಟಿಗೆ ಗುಂಡಿ ಹಚ್ಚುತ್ತಿದ್ದಾಳೆ. ಮೂರು ವರ್ಷ ಕಾದದ್ದು ನಾನು, ಅವಳಲ್ಲ. ಬಹಳ ಬೇಜಾರಾಗಿದೆ, ಅತ್ತುಬಿಟ್ಟೆ ಕೂಡ.

ಸೆಪ್ಟೆಂಬರ್ 20, ಬುಧವಾರ

ಬೆಳಿಗ್ಗೆ ಒಬ್ಬಳೇ ಹೋಗಿ ಅವನ ಮೇಲೆ ಕೂತೆ. ಇವತ್ತಾದರೂ ನಿಲ್ಲದಿದ್ದರೆ ಪ್ರದರ್ಶನಕ್ಕೆ ನಾನೇ ಅಂದುಕೊಂಡಿದ್ದೆ.

ನಿಂತ. ನೀನೇ ಕೂರು ಅಂತ ಪಿಸುವಿಗೆ ಹೇಳಿಬಿಟ್ಟೆ.

ಸೆಪ್ಟೆಂಬರ್ 21, ಗುರುವಾರ

ಪಿಸುವಿಗೆ ಇವತ್ತು ಕುಕ್ಕುಲೋಟ ಬಂತು! ಮೊದಲು ಜೀನಿನ ಮೇಲೆ ಎಗರಿ ಎಗರಿ ಬೀಳುತ್ತಿದ್ದಳು. ಗಾಯಕನಿಗೆ ಹಾಡಲು ಹೇಳಿದೆ, ಅವನ ತಾಳಕ್ಕೆ ಸರಿಯಾಗಿ ಏಳು, ಕೂರು ಅಂದೆ. ಮೊದಲ ಬಾರಿಗೆ ಅವನ ಹಾಡಿನಿಂದ ಒಂದು ಉಪಯೋಗವಾಯಿತು. ಒಂದು ಹೊತ್ತಿಗೆ ಅವಳ ಬೆನ್ನು ತಾನೇ ನೆಟ್ಟಗಾಯಿತು, ಮೊಣಕಾಲು ಒಳಗೆ ಬಂತು, ಹಿಮ್ಮಡಿ ಕೆಳಗೆ ಇಳಿಯಿತು. ಕಂಡ ಕೂಡಲೇ ನಾನು ಮರಳಿನಲ್ಲಿ ಅವಳ ಜೊತೆಗೇ ಓಡತೊಡಗಿದೆ, ಅದೇ ಅದೇ ಅಂತ ಕೂಗುತ್ತಾ. ಒಂದು ಬೂಟು ಕಳಚಿಹೋದದ್ದೂ ತಿಳಿಯಲಿಲ್ಲ. ಸೋಡಾಬುಡ್ಡಿ ಅದನ್ನು ಕವೆಗೋಲಿಗೆ ಸಿಕ್ಕಿಸಿಕೊಂಡು ಬಂದು ದಂಡನಾಯಕಿಯ ಪಾದರಕ್ಷೆ ಅಂತ ಒಪ್ಪಿಸಿದ.

ಅವಳ ಕೈ ಎಷ್ಟು ಹಗುರ! ಲಗಾಮನ್ನು ಹಸುಗೂಸಿನ ಬೆರಳು ಹಿಡಿದ ಹಾಗೆ ಹಿಡಿಯುತ್ತಾಳೆ, ಅದಕ್ಕೇ ತಕರಾರು ಬಾಯಿ ಎಳೆಯುವುದಿಲ್ಲ. ಇದನ್ನು ನಾನು ಯಾಕೆ ಮೊದಲೇ ನೋಡಲಿಲ್ಲವೋ. ಮೂಲೆಯಲ್ಲಿ ಅವನಿಗೆ ಏನು ಹೇಳುತ್ತೀಯ ಅಂತ ಕೇಳಿದೆ. ಇವತ್ತು ನನಗೆ ಒಂದೇ ಸಲಕ್ಕೆ ಕೇಳಿಸಿತು.

"ನನ್ನ ಹತ್ರ ಏನೂ ಇಲ್ಲಪ್ಪ ಅಂತೀನಿ ಅಕ್ಕ. ಇಲ್ದೆ ಇರೋದನ್ನ ಹೇಳ್ಬಿಡ್ಬೇಕಲ್ಲ."

ನಾಳೆ ಬಾಗು ತಿರುಗಿಸುವುದನ್ನು ಇನ್ನೂ ಒಂದಿಷ್ಟು ಮಾಡಿಸಬೇಕು. ಎಡಗಡೆ ಪಾದ ಇಡುವ ರಿಕಾಪಿನಿಂದ ಅವಳ ಕಾಲು ಜಾರುತ್ತದೆ, ಪಟ್ಟಿಯನ್ನು ಒಂದು ತೂತು ಮೇಲಕ್ಕೆ ಬಿಗಿಯಬೇಕು. ಅವಳ ಹತ್ತಿರ ಕೋಟಿಲ್ಲ, ಏನಾದರೂ ಮಾಡಬೇಕು.

ಸೆಪ್ಟೆಂಬರ್ 23, ಶನಿವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಅಮ್ಮ ಕೋಟು ತಂದಿದ್ದಳು, ಕಡುನೀಲಿ, ಒಳಗೆ ನುಣುಪು ಬಟ್ಟೆಯ ಅಸ್ತರಿ. ನೋಡಿ ಚೆನ್ನಾಗಿದೆ ಅಂದವಳೇ ಎತ್ತಿಕೊಂಡು ಜೀನುಕೋಣೆಗೆ ಓಡಿ ಪಿಸುವಿಗೆ ತೊಡಿಸಿದೆ. ಭುಜ ಸ್ವಲ್ಪ ದೊಗಳೆ, ತೋಳು ಮಡಚಿದೆವು. ಅಮ್ಮ ಏನೋ ಕೇಳಲು ಬಂದಳು, ಆಮೇಲೆ ಹೇಳುತ್ತೇನೆ ಅಂದೆ, ಹೊತ್ತೆಲ್ಲಿತ್ತು.

ಮೊದಲ ಸುತ್ತು ಚೆನ್ನಾಗಿ ಹೋಯಿತು. ನಾನು ಗೇಟು ಹಿಡಿದು ನಿಂತಿದ್ದೆ, ಕಿಟಕಿಗೆ ಕಾಣದ ಮೂಲೆ ಗೇಟಿನಿಂದ ಕಾಣುತ್ತದೆ. ತಕರಾರು ಮೂಲೆಯಲ್ಲಿ ಕಿವಿ ತಿರುಗಿಸಿದ, ಪಿಸುವಿನ ತುಟಿ ಅಲ್ಲಾಡಿತು, ದಾಟಿದ. ಪರೀಕ್ಷಕರು ನನ್ನ ಪಕ್ಕದಲ್ಲೇ ಕೈಕಟ್ಟಿಕೊಂಡು ನೋಡುತ್ತಿದ್ದರು. ಎರಡನೇ ಸುತ್ತೂ ಆಯಿತು. ಆಗ ನೋಡುತ್ತೇನೆ, ಆ ಮೂಲೆಯಲ್ಲೇ, ಬೇಲಿಯ ಹೊರಗೆ, ಊರುಗೋಲು ಊರಿಕೊಂಡು ಮೇಷ್ಟ್ರು! ಯಾರೂ ಕರೆಯದೆ ಆಟೋ ಹಿಡಿದು ಬಂದಿದ್ದಾರೆ, ಜನರ ಮಧ್ಯೆ ಕೂರಲು ಸಂಕೋಚಪಟ್ಟುಕೊಂಡು ಕೂತ ಜನರಿಗೆ ಕಾಣದ ಕಡೆ ಹೋಗಿ ನಿಂತಿದ್ದಾರೆ. ಅವರ ಒಂದು ಕೈ ಜೇಬಿನೊಳಗಿತ್ತು.

ಕೂಗಿದರೆ ಕುದುರೆ ಬೆಚ್ಚುತ್ತದೆ. ಓಡಿದರೂ ಬೆಚ್ಚುತ್ತದೆ. ಗೇಟಿನ ಸರಳನ್ನು ಹಿಡಿದುಕೊಂಡು ಸುಮ್ಮನೆ ನಿಂತೆ. ತಕರಾರು ದೂರದಿಂದಲೇ ಮೇಷ್ಟ್ರನ್ನು ಕಂಡ. ಕತ್ತು ಎತ್ತಿದ. ಓಟ ನಡಿಗೆಯಾಯಿತು, ನಡಿಗೆ ಇನ್ನೂ ಸಣ್ಣದಾಯಿತು, ಒಂದು ಹೆಜ್ಜೆ ಇಟ್ಟನೋ ಇಲ್ಲವೋ ಅನ್ನುವಷ್ಟು. ಪಿಸು ಲಗಾಮು ಎಳೆಯಲಿಲ್ಲ, ಒದೆಯಲಿಲ್ಲ. ಅವನ ಕುತ್ತಿಗೆಯ ಮೇಲೆ ಅಂಗೈಯಿಟ್ಟು ಬಗ್ಗಿದಳು. ಅವನು ಮೇಷ್ಟ್ರನ್ನು ನೋಡಿದ, ಅವರ ಜೇಬನ್ನು ನೋಡಿದ, ಮೂಗಿನಿಂದ ಒಂದು ಸಲ ಜೋರಾಗಿ ಉಸಿರು ಬಿಟ್ಟ. ಆಮೇಲೆ ಪಿಸು ಹೇಳಿದ ಕಡೆಗೆ ಹೊರಟ, ಅದೂ ಕುಕ್ಕುಲೋಟದಲ್ಲಿ. ಮೇಷ್ಟ್ರ ಕೈ ಜೇಬಿನಿಂದ ಹೊರಗೆ ಬಂತು. ಪೆಪ್ಪರಮಿಂಟಿನ ಕಾಗದ ಬಿಚ್ಚಿ ತಮ್ಮ ಬಾಯಿಗೇ ಹಾಕಿಕೊಂಡರು.

ಮೂರನೇ ಸುತ್ತು ಮುಗಿದದ್ದೇ ಪರೀಕ್ಷಕರು ಪ್ರಾಂಶುಪಾಲರ ಕಡೆ ತಿರುಗಿ ಕುದುರೆ ಇರಲಿ ಅಂದರು. ಇಷ್ಟೇ, ಇರಲಿ! ಸೋಡಾಬುಡ್ಡಿ ಕನ್ನಡಕ ಎಸೆದ, ಆಮೇಲೆ ನಾವೆಲ್ಲ ಮರಳಿನಲ್ಲಿ ಹುಡುಕಿದೆವು. ಪಿಸು ಇಳಿದದ್ದೇ ನನ್ನನ್ನು ತಬ್ಬಿಕೊಂಡು ಕಿವಿಯಲ್ಲಿ ಅಕ್ಕಾ ಅಂತ ಕಿರುಚಿದಳು. ಕಿವಿ ಇನ್ನೂ ಗುಂಯ್ ಅನ್ನುತ್ತಿದೆ.

ಅಪ್ಪ ಮೇಷ್ಟ್ರ ಪಕ್ಕ ನಿಂತುಕೊಂಡು, ದಿನಾ ಕೈ ತೋರಿಸೋರನ್ನ ಕಂಡೂ ಸ್ಟಾಪಿಲ್ಲದ ಕಡೆ ನಿಲ್ಲಿಸದೆ ಹೋಗೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು ಅನ್ನುತ್ತಿದ್ದರು. ಬಸ್ ಹತ್ತಿಸಲು ಹೋದಾಗ ಅಮ್ಮ ಮೆಲ್ಲಗೆ ಕೇಳಿದಳು.

"ನೀನು ಯಾವಾಗ ಕೂರ್ತೀಯೋ ಅಂತ ಕೊನೆತನಕ ನೋಡ್ತಾನೇ ಇದ್ವಲ್ಲೇ. ಯಾಕೆ ಕೂರ್ಲಿಲ್ಲ?"

ಅವರಿಗೆ ಹೇಳುವುದನ್ನೇ ಮರೆತಿದ್ದೆ. ನೋಡಿದಿರಲ್ಲಮ್ಮ, ಎಷ್ಟು ಚೆನ್ನಾಗಿ ಕೂತಳು ಅವಳು ಅಂದೆ. ಅಮ್ಮ ನನ್ನ ಮುಖವನ್ನೇ ನೋಡಿದಳು, ಕೂದಲಿಗೆ ಸಿಕ್ಕಿದ್ದ ಹುಲ್ಲು ತೆಗೆದಳು. ಆ ಹುಡುಗಿಯ ತೋಳಿನ ಅಳತೆ ತೆಗೆದು ಕಳಿಸು, ಕೋಟನ್ನು ಸರಿ ಮಾಡಿಕೊಡುತ್ತೇನೆ ಅಂದಳು.

ಸೆಪ್ಟೆಂಬರ್ 25, ಸೋಮವಾರ

ಮೇಷ್ಟ್ರು ಮುಂದಿನ ವಾರದಿಂದ ಊರುಗೋಲು ಊರಿಕೊಂಡೇ ಬರುತ್ತಾರೆ. ಬೀಗದ ಕೈಯನ್ನು ಸದ್ಯಕ್ಕೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೇವೆ, ಬೆಳಿಗ್ಗೆ ಯಾರು ಮೊದಲು ಬಂದರೆ ಅವರು ತೆಗೆಯಲಿ.

ಸಂಜೆ ಕೆಲಸವೆಲ್ಲ ಮುಗಿದ ಮೇಲೆ ತಕರಾರಿನ ಮೇಲೆ ಕೂತೆ. ಜೇಬು ಖಾಲಿ, ಪಿಸುವೇ ತಪಾಸಣೆ ಮಾಡಿ ಕಳಿಸಿದ್ದಳು. ಶೆಡ್ಡಿನ ಹಿಂದೆ ಬಂದ ಕೂಡಲೇ ನಿಂತ. ಬೇಲಿಯ ಆಚೆ ಯಾರೂ ಇರಲಿಲ್ಲ, ಮರಳಿನ ಮೇಲೆ ಏನೂ ಇರಲಿಲ್ಲ. ಪಿಸುವಿಗೆ ನಿಲ್ಲದವನು ನನಗೆ ಇನ್ನೂ ನಿಲ್ಲುತ್ತಾನೆ.

ಕುತ್ತಿಗೆ ತಿರುಗಿಸಿ ಕಾದ. ನಾನು ಬಗ್ಗಿ, ನನ್ನ ಹತ್ತಿರ ಏನೂ ಇಲ್ಲಪ್ಪ ಅಂದೆ. ಎಷ್ಟು ಮೆಲ್ಲಗೆ ಅಂದರೆ ನನಗೇ ಸರಿಯಾಗಿ ಕೇಳಿಸಲಿಲ್ಲ. ಅವನು ಕದಲಲಿಲ್ಲ. ನಾನೂ ಅವಸರ ಮಾಡಲಿಲ್ಲ. ಇಬ್ಬರೂ ಹಾಗೇ ನಿಂತಿದ್ದೆವು, ಜೀನುಕೋಣೆಯಲ್ಲಿ ಅವರೆಲ್ಲ ನಗುವುದು ಕೇಳಿಸುತ್ತಿತ್ತು. ಆಮೇಲೆ ಅವನಿಗೇ ಬೇಜಾರಾಯಿತೇನೋ, ಉಸಿರು ಬಿಟ್ಟು ತಲೆ ಮುಂದಕ್ಕೆ ತಿರುಗಿಸಿ ಬಕೆಟ್ಟಿನ ಕಡೆ ನಡೆದ.